ಕಟ್ಟೆ ಸರಿಸಿದ ಬೇಸಿಗೆ

ಆ ವರ್ಷ ನಮ್ಮ ಮನೆಯಲ್ಲಿ ಮಾತು ಕೆಟ್ಟದ್ದು ಕಟ್ಟೆಯಿಂದ. ಕಟ್ಟೆ ಎಂದರೆ ಕೆರೆಯ ನೀರಿನ ಮೇಲೆ ಚಾಚಿಕೊಂಡಿರುವ ಹಲಗೆಕಟ್ಟೆ. ದೋಣಿ ಕಟ್ಟುವುದೂ ಅಲ್ಲೇ, ಈಜಲು ಇಳಿಯುವುದೂ ಅಲ್ಲೇ, ಸಂಜೆ ಕಾಲು ಇಳಿಬಿಟ್ಟು ಕೂರುವುದೂ ಅಲ್ಲೇ. ಅಕ್ಟೋಬರಿನಲ್ಲಿ ಅದನ್ನು ಬಿಚ್ಚಿ ದಡಕ್ಕೆ ಎಳೆದಿಡುತ್ತೇವೆ, ಮೇ ತಿಂಗಳಲ್ಲಿ ಮಂಜುಗಡ್ಡೆ ಕರಗಿದ ಮೇಲೆ ಮತ್ತೆ ಜೋಡಿಸುತ್ತೇವೆ. ನನ್ನ ಮಾವ ಪೇರಿಸಿದ ಕಲ್ಲುಗುಡ್ಡೆಯ ಮೇಲೆ ಅದು ಅರವತ್ತು ವರ್ಷ ಕೂತಿತ್ತು. ಆ ಚಳಿಗಾಲ ಮಂಜುಗಡ್ಡೆ ಆ ಕಲ್ಲುಗಳನ್ನೇ ನೂಕಿಕೊಂಡು ಹೋಗಿತ್ತು.

ಹೊಸ ಕಲ್ಲು ತಂದು ಹಳೆಯ ಜಾಗದಲ್ಲೇ ಪೇರಿಸಬೇಕು ಎಂದ ನನ್ನ ಗಂಡ ಡೆಲ್ಬರ್ಟ್. ಸೊಸೆ ಕಾಲೀನ್ ಒಪ್ಪಲಿಲ್ಲ.

"ಹತ್ತು ಹೆಜ್ಜೆ ಆಚೆ ಹಾಕಿದ್ರೆ ಏನು ಕಳ್ಕೋತೀವಿ? ಅಲ್ಲಿ ಮರಳಿದೆ. ಇಲ್ಲಿ ಬರೀ ಕೆಸರು. ಮಕ್ಕಳು ಇಳಿದ್ರೆ ಸಾಕು, ಕಾಲಿಗೆ ಜಿಗಣೆ."

"ಜಿಗಣೆಗೆ ಹೆದರೋರು ಕೆರೆ ಪಕ್ಕ ಯಾಕಿರ್ಬೇಕು? ನಮ್ಮಪ್ಪ ಇಲ್ಲೇ ಹಾಕಿದ್ದ."

"ನಿಮ್ಮಪ್ಪ ಕಕ್ಕಸಿಗೂ ಕಾಡಿಗೇ ಹೋಗ್ತಿದ್ರು, ಡೆಲ್ಬರ್ಟ್. ಅದನ್ನ ಬಿಟ್ವಲ್ಲ?"

ನಮ್ಮ ಮಗ ರಾಸ್ ನಕ್ಕುಬಿಟ್ಟ. ಅಪ್ಪನ ಮುಖ ನೋಡಿ ನಗುವನ್ನು ಅರ್ಧಕ್ಕೇ ನುಂಗಿದ. ಆದರೆ ಕಲ್ಲು ಹೊರಬೇಕಾದವನು ಅವನು. ಮರಳಿನ ಕಡೆ ಕಲ್ಲು ಬೇಕಾಗಿರಲಿಲ್ಲ. ಶನಿವಾರ ಕಟ್ಟೆ ಹತ್ತು ಹೆಜ್ಜೆ ಪಡುವಣಕ್ಕೆ ಸರಿಯಿತು. ಡೆಲ್ಬರ್ಟ್ ಎರಡು ದಿನ ಸೊಸೆ ಮಾಡಿದ ಕಾಫಿ ಮುಟ್ಟಲಿಲ್ಲ. ಮೂರನೆಯ ದಿನ ಮುಟ್ಟಿ, ನೀರಾಗಿದೆ ಎಂದ.

ನಾವು ವರ್ಷವಿಡೀ ಹೆರನ್ ಕೆರೆಯ ದಡದಲ್ಲೇ ಇರುವವರು. ಜುಲೈ ಬಂದರೆ ಟೊರೊಂಟೊ ಕಡೆಯಿಂದ ಬೇಸಿಗೆ ಜನ ಬಂದು ತಮ್ಮ ತಮ್ಮ ಕಾಟೇಜುಗಳ ಕದ ತೆರೆಯುತ್ತಾರೆ. ಅವರ ಕಟ್ಟೆ ಜೋಡಿಸುವುದು, ನೀರಿನ ಪಂಪು ಸರಿಮಾಡುವುದು ಡೆಲ್ಬರ್ಟ್ ಮತ್ತು ರಾಸ್‌ನ ಕೆಲಸ. ಅವರ ಹಾಸಿಗೆ ಬಟ್ಟೆ ಒಗೆದು ಮಡಿಸಿ ಕೊಡುವುದು ನನ್ನ ಕೆಲಸ. ಕಾಲೀನ್ ಶಾಲೆಯ ಬಸ್ಸು ಓಡಿಸುತ್ತಾಳೆ. ನಲವತ್ತು ಮಕ್ಕಳನ್ನು ಎಣಿಸಿ ಹತ್ತಿಸಿ ಎಣಿಸಿ ಇಳಿಸುವವಳು. ಬೇಸಿಗೆ ರಜೆಯಲ್ಲಿ ಎಣಿಸಲು ಎರಡೇ ಉಳಿಯುತ್ತವೆ, ಹದಿನಾಲ್ಕರ ವೇಡ್ ಮತ್ತು ಹನ್ನೊಂದರ ಡಾರ್ಸಿ. ಆ ಎರಡನ್ನೇ ದಿನಕ್ಕೆ ನಲವತ್ತು ಸಲ ಎಣಿಸುತ್ತಾಳೆ.

ದೋಣಿ ಎತ್ತಿಡುವ ನಮ್ಮ ದೋಣಿಮನೆಯ ಒಳಗೋಡೆಯಲ್ಲಿ ಹೆಸರುಗಳಿವೆ. ಚಾಕುವಿನಿಂದ ಕೆತ್ತಿದ ಹನ್ನೊಂದು ಹೆಸರು, ಪಕ್ಕದಲ್ಲಿ ವರ್ಷ. ನಮ್ಮ ಕಟ್ಟೆಯಿಂದ ಆಚೆ ದಡದ ಬೋಳುಬಂಡೆಯವರೆಗೆ ಈಜಿ ಮುಟ್ಟಿದವರ ಹೆಸರು ಮಾತ್ರ ಅಲ್ಲಿಗೆ ಹೋಗುತ್ತದೆ. ಈಜುವವರ ಮುಂದೆ ಒಂದು ದೋಣಿ ಹೋಗುತ್ತದೆ. ದೋಣಿಗೆ ಕೈ ತಾಗಿಸಿದರೆ ಮುಗಿಯಿತು, ನೆಲಕ್ಕೆ ಕಾಲು ತಾಗಿಸಿದರೂ ಮುಗಿಯಿತು. ಈಜುವವರು ಬಂಡೆಯನ್ನು ನೋಡಬಾರದು. ಬಂಡೆ ನೋಡಿದವರಿಗೆ ಅದು ಹತ್ತಿರವೇ ಬರುವುದಿಲ್ಲ, ಎದೆ ಸೋಲುತ್ತದೆ. ಹುಟ್ಟು ಹಾಕುವವರ ಮುಖ ನೋಡಿಕೊಂಡು ಬರಬೇಕು.

ಹುಟ್ಟು ಹಾಕುವವಳು ನಾನು. ಅತ್ತೆಯ ಕೈ ಸೋತ ಮೇಲೆ ನನ್ನ ಕೈಗೆ ಬಂತು. ಹದಿಮೂರಕ್ಕೆ ಶಾಲೆ ಬಿಟ್ಟು ಕೆರೆಯಾಚೆಯ ಹೋಟೆಲಿನಲ್ಲಿ ಬಟ್ಟೆ ಒಗೆಯಲು ನಿಂತವಳು ನಾನು. ಒಗೆದೂ ಹಿಂಡಿಯೂ ಗಟ್ಟಿಯಾದ ಕೈ. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ, ಎದುರಿಗೆ ಕಾಣುವುದು ಬಿಟ್ಟುಬಂದ ಮನೆಯೇ. ಅದಕ್ಕೆ ಅತ್ತೆ ನನಗೊಂದು ಗುರುತು ಹೇಳಿಕೊಟ್ಟಿದ್ದರು. ಕಟ್ಟೆಯ ತುದಿಯ ಮೇಲೆ ಮನೆಯ ಚಿಮಣಿ ನೇರವಾಗಿ ನಿಂತಿರುವಂತೆ ನೋಡಿಕೊಂಡು ಹುಟ್ಟು ಹಾಕು, ದೋಣಿ ತಾನಾಗಿ ಬೋಳುಬಂಡೆಗೆ ಹೋಗಿ ತಾಗುತ್ತದೆ. ಒಂಬತ್ತು ಜನರನ್ನು ಹಾಗೇ ದಾಟಿಸಿದ್ದೆ. ಒಮ್ಮೆಯೂ ಹಿಂತಿರುಗಿ ನೋಡಿದವಳಲ್ಲ.

ಹಿಂದಿನ ಬೇಸಿಗೆಯಲ್ಲಿ ಡಾರ್ಸಿ ಒಮ್ಮೆ ಹೊರಟಿದ್ದಳು. ಕೆರೆಯ ನಡುವೆ ಗಾಳಿ ಎದ್ದಿತು. ಅವಳ ಮೀನಖಂಡ ಸೆಳೆಯಿತು. ಹುಡುಗಿ ದೋಣಿಯ ಅಂಚು ಹಿಡಿದಳು. ನಾನು ಎತ್ತಿ ಕೂರಿಸಿಕೊಂಡು ಕಂಬಳಿ ಹೊದಿಸಿದೆ. ಅವಳು ಅಳಲಿಲ್ಲ. ಮನೆಗೆ ಬಂದ ಮೇಲೆ ಅವಳಮ್ಮ ಅತ್ತಳು.

"ಮಗು ತುಟಿ ನೀಲಿ ಆಗಿತ್ತು ವರ್ನಾ. ನೀವು ಎದುರಿಗೇ ಕೂತು ನೋಡ್ತಾ ಇದ್ರಿ!"

"ನೋಡ್ತಾ ಇದ್ದದ್ದಕ್ಕೇ ಎತ್ಕೊಂಡೆ, ಕಾಲೀನ್."

"ಇನ್ನು ಈ ಆಟ ಸಾಕು."

ಅಂದಿನಿಂದ ವೇಡ್‌ನ ಬಾಯಲ್ಲಿ ತಂಗಿಯ ಹೆಸರು 'ದೋಣಿ ಹಿಡ್ದೋಳು' ಎಂದಾಯಿತು. ಅವನು ಹತ್ತನೇ ವಯಸ್ಸಿಗೇ ದಾಟಿದ್ದ. ಬೆಣ್ಣೆ ದಾಟಿಸು ಎನ್ನಬೇಕಾದರೂ, "ಏ ದೋಣಿ ಹಿಡ್ದೋಳೇ, ಬೆಣ್ಣೆನಾದ್ರೂ ಈ ದಡಕ್ಕೆ ಮುಟ್ಸು," ಎನ್ನುತ್ತಿದ್ದ.

ಜುಲೈ ಮೊದಲ ವಾರದ ಒಂದು ರಾತ್ರಿಯೂಟಕ್ಕೆ ಮೆಕ್ಕೆಜೋಳ ಬೇಯಿಸಿದ್ದೆವು. ಎಲ್ಲರೂ ತೆನೆ ಹಿಡಿದು ಕಚ್ಚುತ್ತಿದ್ದಾಗ ಡಾರ್ಸಿ ಹೇಳಿದಳು, "ಈ ವರ್ಷ ದಾಟ್ತೀನಿ."

ಡೆಲ್ಬರ್ಟ್ ಒಬ್ಬನೇ ಅಗಿಯುತ್ತಿದ್ದ.

"ಹೋದ ವರ್ಷ ಹೇಳಿದ್ದೆ, ಮುಗೀತು ಅಂತ," ಎಂದಳು ಕಾಲೀನ್.

"ನಿಂಗೆ ಮುಗೀತು. ನಂಗೆ ಮುಗ್ದಿಲ್ಲ."

"ಅಮ್ಮನ ಹತ್ರ ಹಾಗೆ ಮಾತಾಡ್ಬೇಡ," ಎಂದ ರಾಸ್.

"ಹಾಗಿದ್ರೆ ನೀನು ಮಾತಾಡಪ್ಪ. ನೀನು ಹನ್ನೊಂದಕ್ಕೆ ದಾಟಿಲ್ವಾ? ಗೋಡೆ ಮೇಲೆ ನಿನ್ನ ಹೆಸರಿಲ್ವಾ?"

ರಾಸ್ ಹೆಂಡತಿಯ ಕಡೆ ನೋಡಿದ, ಮಗಳ ಕಡೆ ನೋಡಿದ, ಉಪ್ಪಿನ ಡಬ್ಬಿ ಎತ್ತಿಕೊಂಡ.

ಕಾಲೀನ್ ತೆನೆ ಕೆಳಗಿಟ್ಟು ಕೈ ಒರೆಸಿಕೊಂಡಳು. "ಸರಿ. ಕಟ್ಟೆಯಿಂದ ಅಲ್ಲಿ ತೇಲ್ತಿರೋ ತೆಪ್ಪಕ್ಕೆ ಹೋಗಿ ಬರ್ಬೇಕು. ನಿಲ್ಲದೆ ಇಪ್ಪತ್ತು ಸಲ. ನಾನು ಎಣಿಸ್ತೀನಿ. ಹತ್ತೊಂಬತ್ತಾದ್ರೂ ಇಲ್ಲ."

ಅವಳು ಅದನ್ನು 'ಇಲ್ಲ' ಎನ್ನುವ ಬದಲಿಗೆ ಹೇಳಿದ್ದು ಎಂದು ನನಗೆ ಗೊತ್ತಿತ್ತು. ಡಾರ್ಸಿಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಹುಡುಗಿ ಆರು ಸಲ ಹೋಗಿಬಂದು ಕಟ್ಟೆಯ ಮೇಲೆ ಬೋರಲು ಬಿದ್ದಳು. ಆ ವಾರದ ಕೊನೆಗೆ ಒಂಬತ್ತು. ಬೆಳಿಗ್ಗೆ ಈಜು, ಆಮೇಲೆ ನನ್ನ ಜೊತೆ ಬಟ್ಟೆ ಒಣಹಾಕುವ ಕೆಲಸ. ಒದ್ದೆ ಹೊದಿಕೆಯ ಒಂದು ತುದಿ ನಾನು, ಒಂದು ತುದಿ ಅವಳು ಹಿಡಿದು ಹಿಂಡುತ್ತಿದ್ದೆವು.

"ಅಜ್ಜಿ, ಹೋದ ವರ್ಷ ನಾನು ದೋಣಿ ಹಿಡ್ದಾಗ ನಿಂಗೆ ಬೇಜಾರಾಯ್ತಾ?"

"ಇಲ್ಲ."

"ಮತ್ತೆ ಏನನ್ಸ್ತು?"

"ಇವಳು ಇಷ್ಟು ಭಾರ ಯಾವಾಗ ಆದ್ಲು ಅನ್ಸ್ತು. ಎತ್ತೋವಾಗ ಸೊಂಟ ಹಿಡ್ಕೊಂಡ್ತು."

ಅವಳು ನಕ್ಕು ಹೊದಿಕೆ ಬಿಟ್ಟಳು. ಅದು ಹುಲ್ಲಿನ ಮೇಲೆ ಬಿದ್ದು ಮತ್ತೆ ಒಗೆಯಬೇಕಾಯಿತು.

ಜುಲೈ ಕೊನೆಗೆ ಹದಿನಾಲ್ಕು. ಅಷ್ಟರಲ್ಲಿ ಡೆಲ್ಬರ್ಟ್ ದಿನಾ ಬೆಳಿಗ್ಗೆ ಮೊಮ್ಮಗಳ ತಟ್ಟೆಗೆ ತನ್ನ ಪಾಲಿನ ಹಂದಿಮಾಂಸದ ಹೋಳನ್ನೂ ಹಾಕತೊಡಗಿದ್ದ. ಕಾಲೀನ್ ಹೊಸ ಕಟ್ಟೆಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು, ಕಾಫಿ ಆರುವುದೂ ಗೊತ್ತಾಗದೆ, ಗಟ್ಟಿಯಾಗಿ ಎಣಿಸುತ್ತಿದ್ದಳು. ಒಂದು ದಿನವೂ ಒಂದು ಸಂಖ್ಯೆಯನ್ನೂ ಬಿಡಲಿಲ್ಲ, ಮೋಸ ಮಾಡಲಿಲ್ಲ. ಆಗಸ್ಟ್ ಎರಡನೆಯ ವಾರದ ಬುಧವಾರ, "ಹತ್ತೊಂಬತ್ತು," ಎಂದು ಅವಳ ದನಿ ಕೇಳಿಸಿತು. ನಾನು ಬಟ್ಟೆಯ ಹಗ್ಗದ ಹತ್ತಿರವೇ ನಿಂತುಬಿಟ್ಟೆ. ಬಹಳ ಹೊತ್ತಿನ ಮೇಲೆ, ಯಾರೋ ಬಲವಂತದಿಂದ ಹೇಳಿಸಿದ ಹಾಗೆ, "ಇಪ್ಪತ್ತು."

ಅಂದು ಊಟದ ಹೊತ್ತಿಗೆ ಕಾಲೀನ್ ಇನ್ನೊಂದು ಮಾತು ತೆಗೆದಳು. "ಆಯ್ತು, ಭಾನುವಾರ ಹೋಗ್ಲಿ. ಆದ್ರೆ ವರ್ನಾಗೆ ಎಪ್ಪತ್ತಾರು. ಕಿವಿನೂ ಸರಿಯಾಗಿ ಕೇಳ್ಸಲ್ಲ. ಹುಟ್ಟು ರಾಸ್ ಹಾಕ್ಲಿ."

ನಾನು ಆಲೂಗಡ್ಡೆ ಬಡಿಸುತ್ತಿದ್ದೆ. ಬಡಿಸುತ್ತಲೇ ಇದ್ದೆ.

ಡಾರ್ಸಿ ಅಂದಳು, "ಅಪ್ಪನ ಮುಖ ನೋಡ್ಕೊಂಡು ಈಜಿದ್ರೆ ನಾನು ಮುಳುಗೇ ಹೋಗ್ತೀನಿ."

"ನನ್ನ ಮುಖಕ್ಕೇನಾಗಿದೆಯೇ?" ಎಂದ ರಾಸ್.

"ನೀನು ನಾನು ಸೈಕಲ್ ಹತ್ತಿದ್ರೂ ಹಿಂಗೆ ಮಾಡ್ತೀಯ," ಎಂದು ಕಣ್ಣು ಅಗಲಿಸಿ ಹಲ್ಲು ಕಚ್ಚಿ ತೋರಿಸಿದಳು. ವೇಡ್ ಹಾಲು ಕುಡಿಯುತ್ತಿದ್ದವನು ಮೂಗಿನಿಂದ ಬಿಟ್ಟ. ರಾಸ್‌ನ ಮುಖ ನಿಜವಾಗಿಯೂ ಹಾಗೇ ಇತ್ತು. ಕಾಲೀನ್ ಕೂಡ ನಗು ತಡೆಯಲಾರದೆ ಎದ್ದು ನೀರು ತರಲು ಹೋದಳು. ಹುಟ್ಟು ನನ್ನ ಕೈಯಲ್ಲೇ ಉಳಿಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಕೆರೆ ಅಲುಗದೆ ಮಲಗಿತ್ತು. ದೂರದಲ್ಲೊಂದು ಲೂನ್ ಹಕ್ಕಿ ಕೂಗಿ ಮುಳುಗಿತು. ಕಾಲೀನ್, ರಾಸ್, ವೇಡ್ ಕಂಬಳಿ, ಬಿಸಿ ಕೋಕೋ ಫ್ಲಾಸ್ಕು ತೆಗೆದುಕೊಂಡು ರಸ್ತೆ ಸುತ್ತಿ ಬೋಳುಬಂಡೆಗೆ ಹೊರಟರು. ಮುಟ್ಟಿದವರನ್ನು ಬಂಡೆಯ ಮೇಲೆ ಎದುರುಗೊಳ್ಳುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಡೆಲ್ಬರ್ಟ್ ಕಟ್ಟೆಯ ಮೇಲೆ ಉಳಿದ.

ಡಾರ್ಸಿ ಕಟ್ಟೆಯ ತುದಿಯಿಂದ ಹಾರಿದಳು. ನಾನು ಚಿಮಣಿಯನ್ನು ಕಟ್ಟೆಯ ತುದಿಯ ಮೇಲೆ ನಿಲ್ಲಿಸಿಕೊಂಡೆ, ಹುಟ್ಟು ಇಳಿಬಿಟ್ಟೆ. ಅತ್ತೆ ಹೇಳಿಕೊಟ್ಟ ಹಾಗೆ.

ಹುಡುಗಿ ಚೆನ್ನಾಗಿ ಬರುತ್ತಿದ್ದಳು. ಉಸಿರಿಗೆ ತಲೆ ತಿರುಗಿಸುವಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ಹಿಂದಿನ ವರ್ಷ ದೋಣಿ ಹಿಡಿದ ಜಾಗ ಬಂತು, ಹೋಯಿತು. ನಾನು ಏನೂ ಹೇಳಲಿಲ್ಲ, ಹೇಳಬಾರದು. ದೂರದ ಕಟ್ಟೆಯ ಮೇಲೆ ಡೆಲ್ಬರ್ಟ್ ಟೊಪ್ಪಿ ಬೀಸುತ್ತಿದ್ದ. ಮದುವೆಯಾದಂದಿನಿಂದ ಅವನು ಯಾರಿಗೂ ಟೊಪ್ಪಿ ಬೀಸಿದವನಲ್ಲ. ಮೊಮ್ಮಗಳ ಮೇಲಿನ ಅಭಿಮಾನ ಎಂದುಕೊಂಡೆ. ನಾನೂ ಒಂದು ಕೈ ಎತ್ತಿದೆ. ಅವನು ಇನ್ನೂ ಜೋರಾಗಿ ಬೀಸಿದ.

ಬೆನ್ನ ಹಿಂದೆ ಎಲ್ಲೋ ಕೂಗು ಕೇಳಿದಂತಾಯಿತು. ಬಂಡೆಯ ಮೇಲಿನವರು ಹುರಿದುಂಬಿಸುತ್ತಿದ್ದಾರೆ ಎಂದುಕೊಂಡೆ. ಕಿವಿ ಸರಿಯಿಲ್ಲದವರಿಗೆ ಎಲ್ಲ ಕೂಗೂ ಒಂದೇ.

ಆಮೇಲೆ ಎಡಗೈಯ ಹುಟ್ಟಿಗೆ ಏನೋ ಸುತ್ತಿಕೊಂಡಿತು. ಎತ್ತಿ ನೋಡಿದರೆ ನೈದಿಲೆಯ ದಂಟು. ಬೋಳುಬಂಡೆಯ ಹತ್ತಿರ ನೈದಿಲೆ ಇಲ್ಲ. ಅಲ್ಲಿ ನೀರು ಕಪ್ಪು, ಆಳ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಹಿಂತಿರುಗಿ ನೋಡಿದೆ.

ಬಂಡೆ ಇರಲಿಲ್ಲ. ನೈದಿಲೆ ಕೊಲ್ಲಿ ಇತ್ತು. ಬಂಡೆ ಅಲ್ಲಿಂದ ಮುನ್ನೂರು ಹೆಜ್ಜೆ ಮೂಡಣಕ್ಕೆ, ಬಿಸಿಲಲ್ಲಿ ಬೋಳು ತಲೆಯಂತೆ ಹೊಳೆಯುತ್ತಿತ್ತು. ಕಟ್ಟೆ ಸರಿಸಿದ್ದು, ಚಿಮಣಿ ಸರಿಯದೆ ಇದ್ದದ್ದು ಆಗ ನನ್ನ ತಲೆಗೆ ಬಂತು. ಮೇ ತಿಂಗಳಿಂದ ದಿನಾ ಅದೇ ಕಟ್ಟೆಯ ಮೇಲೆ ಓಡಾಡಿದ್ದೆ. ಅದರ ಮೇಲೆ ಜಗಳ ಕೇಳಿದ್ದೆ. ಆದರೂ ಗುರುತು ಹಳೆಯದೇ ಎಂದುಕೊಂಡು ಆ ಮಗುವನ್ನು ಬೇರೆ ಕಡೆಗೆ ಎಳೆದುಕೊಂಡು ಬಂದಿದ್ದೆ.

ದಡದ ಪೊದೆಗಳು ಅಲುಗಿ ಕಾಲೀನ್ ಹೊರಗೆ ಬಂದಳು. ಬಂಡೆಯಿಂದ ಓಡಿ ಬಂದಿದ್ದಳು. ಮುಳ್ಳು ಗೀರಿ ಮೊಣಕಾಲು, ತೋಳು ಎಲ್ಲ ರಕ್ತ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಡಾರ್ಸಿ, ಸಾಕು! ಇಲ್ಲೇ ನಿಲ್ಲು. ಇಲ್ಲಿ ಆಳ ಇಲ್ಲ, ಕಾಲು ಊರು. ಇದೂ ಆಚೆ ದಡಾನೇ. ದಾಟಿದ ಹಾಗೇ ಲೆಕ್ಕ!"

ಹುಡುಗಿ ಎಲೆಗಳ ನಡುವೆ ಕೈಕಾಲು ಆಡಿಸುತ್ತ ತೇಲುತ್ತಿದ್ದಳು. ಮೂಗಿನ ತುದಿ ಬಿಳಿಚಿತ್ತು. ಅವಳ ಕಾಲಿನಡಿ ನೆಲ ಒಂದು ಗೇಣು ಕೆಳಗೆ ಇದ್ದಿರಬೇಕು.

"ಬಂಡೆ ಈಗ ಎಲ್ಲಿ ಅಜ್ಜಿ?"

ನಾನು ಹುಟ್ಟು ಎತ್ತಿ ತೋರಿಸಿದೆ. "ತಪ್ಪು ನಂದು ಮಗಾ," ಎಂದೆ.

"ಎಷ್ಟು ದೂರ?"

"ತೆಪ್ಪಕ್ಕೆ ಎಂಟು ಸಲ ಹೋಗಿಬಂದಷ್ಟು."

ಅವಳು ಅಮ್ಮನ ಕಡೆ ನೋಡಿದಳು. "ಎಂಟು ತಾನೇ," ಎಂದಳು. ತಿರುಗಿದಳು. ಈಜತೊಡಗಿದಳು.

"ಬೇಡ ಅಂದ್ನಲ್ಲ! ವರ್ನಾ, ಎತ್ಕೊಳ್ಳಿ ಅವಳನ್ನ!"

"ಅವಳು ದೋಣಿ ಹಿಡೀಲಿ, ಎತ್ಕೋತೀನಿ," ಎಂದೆ. ಈ ಸಲ ನಾನು ದೋಣಿಯನ್ನು ಹುಡುಗಿಯ ಪಕ್ಕಕ್ಕೇ ತಂದೆ, ಕೈಗೆ ಎಟಕುವಷ್ಟು ಹತ್ತಿರ. ಹಿಡಿಯಬೇಕೆಂದರೆ ಹಿಡಿಯಲಿ ಎಂದು.

ಅವಳು ಹಿಡಿಯಲಿಲ್ಲ.

ಕಾಲೀನ್ ಒಂದು ಗಳಿಗೆ ನಿಂತಳು. ಆಮೇಲೆ ಹಾಗೇ, ಬಟ್ಟೆ ಸಮೇತ, ಸೊಂಟದವರೆಗೆ ನೀರಿಗಿಳಿದು ದಡದುದ್ದಕ್ಕೂ ಮಗಳ ಜೊತೆ ನಡೆಯತೊಡಗಿದಳು. ಬಿದ್ದ ಮರಗಳನ್ನು ದಾಟಿದಳು, ಕೆಸರಿನಲ್ಲಿ ಹೂತಳು, ಎದ್ದಳು. ಇನ್ನೊಂದು ಚಪ್ಪಲಿಯನ್ನೂ ಕೆಸರು ತಿಂದಿತು. ಸ್ವಲ್ಪ ದೂರ ಹೋದ ಮೇಲೆ ಅವಳ ಬಾಯಿಂದ ಮಾತು ಕೇಳಿಸಿತು. ಬೈಯುತ್ತಿದ್ದಾಳೆ ಎಂದುಕೊಂಡೆ. ಕಿವಿಗೊಟ್ಟರೆ, ಎಣಿಸುತ್ತಿದ್ದಳು.

"ಒಂದಾಯ್ತು. ಬಾ. ಒಂದಾಯ್ತು."

ಆಮೇಲೆ, "ಎರಡು. ಕೈ ಉದ್ದ ಚಾಚು. ಎರಡು."

ಐದಕ್ಕೆ ಹುಡುಗಿ ನಿಧಾನವಾದಳು. ಆರಕ್ಕೆ ಅಂಗಾತ ತಿರುಗಿ ಆಕಾಶ ನೋಡಿಕೊಂಡು ಬರೀ ಕಾಲು ಬಡಿದಳು. ಕಾಲೀನ್ ಕಂಠದವರೆಗಿನ ನೀರಲ್ಲಿ ನಿಂತು, "ಏಳನೇದು ಬಾಕಿ ಇದೆ ಡಾರ್ಸಿ, ಏಳನೇದನ್ನ ಯಾರು ಬಿಡ್ತಾರೆ, ನಾನು ಯಾವತ್ತಾದ್ರೂ ಒಂದು ಬಿಟ್ಟಿದ್ದೀನಾ?" ಎಂದು ಕಿರುಚಿದಳು. ಹುಡುಗಿ ಮತ್ತೆ ಬೋರಲಾದಳು.

ಬಂಡೆಯ ಮೇಲೆ ವೇಡ್ ಹೊಟ್ಟೆಯ ಮೇಲೆ ಮಲಗಿ ಕೈ ಕೆಳಗೆ ಚಾಚಿದ್ದ. "ಡಾರ್ಸಿ! ಡಾರ್ಸಿ!" ಎಂದು ಕೂಗುತ್ತಿದ್ದ. ಬೇರೆ ಹೆಸರಿಂದ ಕರೆಯಲಿಲ್ಲ. ಅವಳು ಅಣ್ಣನ ಕೈ ಹಿಡಿಯಲಿಲ್ಲ. ಪಕ್ಕಕ್ಕೆ ಸರಿದು, ಮೊದಲು ಅಂಗೈಯನ್ನು ಬಂಡೆಯ ಮೇಲೆ ಪೂರ್ತಿ ಊರಿ, ಒತ್ತಿ, ಆಮೇಲೆ ಅವನಿಗೆ ಕೈ ಕೊಟ್ಟಳು.

ರಾಸ್‌ನ ಮುಖ ಅವಳು ತೋರಿಸಿದ ಹಾಗೇ ಇತ್ತು. ಅವನು ಕಂಬಳಿ ತಂದು ಮಗಳಿಗೆ ಹೊದಿಸುವ ಬದಲು ತಾನೇ ಹಿಡಿದುಕೊಂಡು ಅಳುತ್ತ ನಿಂತಿದ್ದ. ವೇಡ್ ಕಿತ್ತುಕೊಂಡು ಹೊದಿಸಿದ.

ಸಂಜೆ ಹುರಿದ ಮೀನು, ಬ್ಲೂಬೆರಿ ಪೈ. ಪೈನ ಮೊದಲ ತುಂಡು ದಾಟಿದವರಿಗೆ. ಅದು ತಟ್ಟೆಗೆ ಬೀಳುವ ಮುಂಚೆ ನಾನು ಹೇಳಿದೆ, "ಗುರುತು ನೋಡ್ಕೊಂಡದ್ದು ನಾನು. ಕಟ್ಟೆ ಸರಿದಿದೆ ಅಂತ ನಂಗೆ ಹೊಳೀಲಿಲ್ಲ. ಕಾಲೀನ್ ಹೇಳಿದ್ದು ಸರಿ. ಇನ್ನು ಹುಟ್ಟು ಬೇರೆಯವರು ಹಾಕ್ಲಿ."

"ನಾನು ಟೊಪ್ಪಿ ಬೀಸಿ ಬೀಸಿ ತೋಳು ಬಿದ್ದೋಯ್ತು," ಎಂದ ಡೆಲ್ಬರ್ಟ್. "ಇವಳು ನಂಗೆ ವಾಪಸ್ ಕೈ ಬೀಸ್ತಾಳೆ, ಮದುವಣಗಿತ್ತಿ ಹಾಗೆ!"

ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಕಾಲೀನ್ ತೋಳಿನ ಗೀರುಗಳಿಗೆ ಮುಲಾಮು ಹಚ್ಚಿಕೊಂಡಿದ್ದಳು. ಅವಳು ಚಾಕು ಪೈನ ಮೇಲೆ ಹಾಗೇ ಹಿಡಿದು, "ಕಟ್ಟೆ ಸರ್ಸಿ ಅಂದೋಳು ನಾನು," ಎಂದಳು.

"ನಂಗೆ ಗೊತ್ತಿತ್ತು," ಎಂದಳು ಡಾರ್ಸಿ.

ಎಲ್ಲರೂ ಅವಳನ್ನು ನೋಡಿದರು.

"ಉಸಿರು ತಗೊಳ್ಳೋವಾಗ ಕಾಣಿಸ್ತಿತ್ತು, ಬಂಡೆ ಪಕ್ಕಕ್ಕೆ ಪಕ್ಕಕ್ಕೆ ಹೋಗ್ತಿರೋದು. ನೋಡಬಾರ್ದು ಅಂತ ಗೊತ್ತು. ಆದ್ರೂ ಕಾಣಿಸ್ತು."

"ಮತ್ತೆ ಯಾಕೇ ಕೂಗ್ಲಿಲ್ಲ?" ಎಂದಳು ಅವಳಮ್ಮ.

"ಅಜ್ಜಿ ಮುಖ ನೋಡಿದೆ. ಹೆದರಿರ್ಲಿಲ್ಲ. ಹಾಗಿದ್ರೆ ಸರಿ ಅನ್ಕೊಂಡೆ." ಫೋರ್ಕಿನಿಂದ ತಟ್ಟೆ ತಟ್ಟಿದಳು. "ಈಗ ಪೈ ಹಾಕ್ತೀಯಾ ಇಲ್ವಾ?"

ಕಾಲೀನ್ ತುಂಡು ಕತ್ತರಿಸಿದಳು. ದೊಡ್ಡದು. ಮಗಳಿಗೆ ಹಾಕಿ, ಎರಡನೆಯದನ್ನು ಡೆಲ್ಬರ್ಟ್‌ಗೆ ಕೊಡದೆ ನನ್ನ ತಟ್ಟೆಗೆ ಹಾಕಿದಳು. "ಮುಂದಿನ ವರ್ಷ ಹುಟ್ಟು ನಾನು ಹಾಕ್ತೀನಿ," ಎಂದಳು. "ದೋಣೀಲಿ ನನ್ನೆದುರಿಗೆ ನೀವು ಕೂತ್ಕೊಳ್ಳಿ. ನಂಗೂ ಒಂದು ಮುಖ ಬೇಕಲ್ಲ."

ಬೆಳಕಿರುವಾಗಲೇ ದೋಣಿಮನೆಗೆ ಹೋದೆವು. ಡೆಲ್ಬರ್ಟ್ ಚಾಕು ತೆಗೆದ. ಕೊಲ್ಲಿ ಸುತ್ತಿ ಬಂದದ್ದನ್ನೂ ಕೆತ್ತುತ್ತೇನೆ, ಈ ಗೋಡೆಯಲ್ಲಿ ಯಾರೂ ಇಷ್ಟು ಈಜಿಲ್ಲ ಎಂದ. ಡಾರ್ಸಿ ಬೇಡ ಎಂದಳು. ಎಲ್ಲರ ಹಾಗೆ ಹೆಸರು, ವರ್ಷ. ಅವನು ಅಷ್ಟೇ ಕೆತ್ತಿದ. ಆದರೆ ಅಕ್ಷರ ಇತರರದಕ್ಕಿಂತ ಒಂದು ನೂಲು ಆಳವಾಗಿ ಹೋದದ್ದನ್ನು ನಾನು ಬೆರಳಿಂದ ಮುಟ್ಟಿ ನೋಡಿದ್ದೇನೆ.

ಐದನೆಯ ದಿನ ವೇಡ್ ಬಟ್ಟೆಯ ಹಗ್ಗದ ಹತ್ತಿರ ಬಂದು ಒಂದು ಹೊದಿಕೆಯ ತುದಿ ಹಿಡಿದುಕೊಂಡ. ಎಂದೂ ಹಿಡಿದವನಲ್ಲ.

"ಅಜ್ಜಿ, ನಂದು ಹತ್ತಿರದ ದಾರಿ ಅಲ್ವಾ?"

"ಹೌದು."

"ನೈದಿಲೆ ಕೊಲ್ಲಿ ಸುತ್ತಿ ಒಂದ್ಸಲ ಕರ್ಕೊಂಡು ಹೋಗ್ತೀಯಾ? ಅವಳಿಗೆ ಹೇಳ್ಬೇಡ."

ಶನಿವಾರ ಕರೆದುಕೊಂಡು ಹೋದೆ. ನಾನು ಹೇಳಲಿಲ್ಲ. ಆದರೂ ಬಂಡೆಯ ಮೇಲೆ ಅವಳು ಕಂಬಳಿ ಹಿಡಿದು ಕೂತಿದ್ದಳು, ಸೇಬು ತಿನ್ನುತ್ತ.

ಮುಂದಿನ ಮೇ ತಿಂಗಳಲ್ಲಿ ಮಂಜುಗಡ್ಡೆ ಕರಗಿತು. ಡೆಲ್ಬರ್ಟ್ ಮತ್ತು ರಾಸ್ ಕಟ್ಟೆಯ ಹಲಗೆಗಳನ್ನು ದಡದಿಂದ ನೀರಿನಂಚಿಗೆ ತಂದು ನಿಂತರು. ಹಳೆಯ ಜಾಗಕ್ಕೆ ಬೇಕಾದ ಕಲ್ಲನ್ನು ರಾಸ್ ಆ ಚಳಿಗಾಲ ತಾನಾಗಿಯೇ ತಂದು ದಡದಲ್ಲಿ ಪೇರಿಸಿದ್ದ, ಯಾರೂ ಹೇಳದೆ. ಕಾಲೀನ್ ಕಲ್ಲು ನೋಡಿದಳು.

"ಎಲ್ಲಿ ಹಾಕೋದು?" ಎಂದ ಡೆಲ್ಬರ್ಟ್. ಸೊಸೆಯನ್ನು ಕೇಳಲಿಲ್ಲ, ನನ್ನನ್ನು ಕೇಳಲಿಲ್ಲ. ಮೊಮ್ಮಗಳ ಕಡೆ ತಿರುಗಿದ್ದ.

ಡಾರ್ಸಿ ಹಳೆಯ ಜಾಗದ ಕಲ್ಲುಗಳ ಮುಂದೆ ನಿಂತು ಒಮ್ಮೆ ಚಿಮಣಿ ನೋಡಿದಳು, ಒಮ್ಮೆ ಕೆರೆ ನೋಡಿದಳು. ಆಮೇಲೆ ಪಡುವಣಕ್ಕೆ ಹತ್ತು ಹೆಜ್ಜೆ ಎಣಿಸಿಕೊಂಡು ನಡೆದು, ಮರಳಿನಲ್ಲಿ ಹಿಮ್ಮಡಿಯಿಂದ ಗೆರೆ ಎಳೆದಳು.

"ಇಲ್ಲೇ," ಎಂದಳು. "ಇನ್ನು ದಾಟೋರು ಕೊಲ್ಲಿ ಸುತ್ತೇ ಬರ್ಲಿ."